ಟೆಕ್ಸಸ್‌ನಲ್ಲಿ ಮೊಮ್ಮಕ್ಕಳ ಜೊತೆ ಮಿನಿಯೇಚರ್ ಕುದುರೆ ಶೋ: ಎಲ್ಲಿಂದ ಶುರು ಮಾಡೋದು?

ಮಂಡ್ಯದ ತಾತ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಕಡೆಯವನು, ವಯಸ್ಸು 67. ಮೂರು ವರ್ಷದಿಂದ ನಾನು, ನನ್ನ ಹೆಂಡತಿ ಇಬ್ಬರೂ ಟೆಕ್ಸಸ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಫೋರ್ಟ್ ವರ್ತ್‌ನಿಂದ ಮುಕ್ಕಾಲು ಗಂಟೆ ದಾರಿ, ಊರಾಚೆ ಎರಡೂವರೆ ಎಕರೆ ಜಾಗ. ಮೊಮ್ಮಗಳಿಗೆ 10 ವರ್ಷ, ಮೊಮ್ಮಗನಿಗೆ 6.

ಹೋದ ತಿಂಗಳು ಇಲ್ಲಿನ ಕೌಂಟಿ ಫೇರ್‌ಗೆ ಹೋಗಿದ್ದೆವು. ಅಲ್ಲಿ ನನ್ನ ಸೊಂಟದ ಎತ್ತರಕ್ಕೂ ಬರದ ಕುದುರೆಗಳನ್ನು ಹಿಡಿದುಕೊಂಡು ಮಕ್ಕಳು ಸಾಲಾಗಿ ನಿಂತಿದ್ದರು. ಜಡ್ಜ್ ಒಬ್ಬರು ಒಂದೊಂದನ್ನೇ ಸುತ್ತಿ ಬಂದು, ಕಾಲು ನೋಡಿ, ಬಾಯಿ ನೋಡಿ, ನಡೆಸಿ ನೋಡಿ ರಿಬ್ಬನ್ ಕೊಟ್ಟರು. ಅದನ್ನು ನೋಡ್ತಾ ನನಗೆ ಘಾಟಿ ಸುಬ್ರಮಣ್ಯದ ದನಗಳ ಜಾತ್ರೆ ನೆನಪಾಯ್ತು. ಚಿಕ್ಕವನಿದ್ದಾಗ ಅಪ್ಪನ ಜೊತೆ ನಮ್ಮ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗ್ತಿದ್ದೆ. ಕೊಂಬು ಹೆರೆದು, ಎಣ್ಣೆ ಹಚ್ಚಿ, ಗೆಜ್ಜೆ ಕಟ್ಟಿ ನಿಲ್ಲಿಸ್ತಿದ್ದೆವು. ನೋಡೋಕೆ ಬಂದವರು ಸುಳಿ ನೋಡೋರು, ಹಲ್ಲು ನೋಡೋರು. ಮೊಮ್ಮಗಳು ಆ ದಿನದಿಂದ ಒಂದೇ ಮಾತು ಹಿಡಿದಿದ್ದಾಳೆ, "ತಾತ, ನಾವೂ ಹೋಗೋಣ, ನೀನು ಕಲಿಸು" ಅಂತ. ಎತ್ತಿನ ವಿಷಯ ಕೇಳಿದರೆ ಏನಾದರೂ ಹೇಳಬಲ್ಲೆ, ಆದರೆ ಕುದುರೆಯನ್ನು ನಾನು ಸಾಕಿದವನಲ್ಲ.

ಇಂಟರ್ನೆಟ್ಟಲ್ಲಿ ಹುಡುಕಿದಾಗ ಹತ್ತಿರದಲ್ಲೇ ಒಬ್ಬರು ಆರು ತಿಂಗಳ ಗಂಡು ಮರಿ ಮಾರ್ತಾರೆ ಅಂತ ಕಾಣಿಸಿತು. ನೋಡೋಕೆ ಬಹಳ ಮುದ್ದಾಗಿದೆ. ಮಕ್ಕಳ ಜೊತೆ ಅದೂ ಬೆಳೆಯುತ್ತೆ ಅಲ್ವಾ ಅಂತ ನನ್ನ ಹೆಂಡತಿ ಹೇಳ್ತಾಳೆ. ತಗೋಬಹುದಾ? ಶೋಗೆ ಏನೇನು ಬೇಕು? ಮೇವು ಏನು, ನಮ್ಮ ಕಡೆ ಕುದುರೆಗೆ ಕೊಡೋ ಹಾಗೆ ಹುರುಳಿ ಬೇಯಿಸಿ ಹಾಕಬಹುದಾ? ಈ ವಯಸ್ಸಲ್ಲಿ ಶುರು ಮಾಡೋದು ಸರೀನಾ ಅನ್ನೋದನ್ನೂ ಮುಚ್ಚುಮರೆ ಇಲ್ಲದೆ ಹೇಳಿ.

ಓಹಾಯೋ ಅಜ್ಜಿ:

ಅಣ್ಣಾ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ನಾನು ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಎಂಟು ವರ್ಷದಿಂದ ಈ ಶೋಗಳಿಗೆ ಓಡಾಡ್ತಾ ಇದ್ದೇನೆ. ಮೊದಲ ಮಾತು, ದಯವಿಟ್ಟು ಆ ಮರಿ ತಗೋಬೇಡಿ.

ನಾವು ಮಾಡಿದ ತಪ್ಪು ಅದೇ. ಶೋಗೆ ಆಗುತ್ತೆ, 32 ಇಂಚಿಗಿಂತ ಜಾಸ್ತಿ ಬೆಳೆಯಲ್ಲ ಅಂತ ಮಾರಿದವರು ಹೇಳಿದ್ದನ್ನು ನಂಬಿ ಒಂದು ಗಂಡು ಮರಿ ತಂದೆವು. ಮೂರು ವರ್ಷಕ್ಕೆ ಅದು 36 ಇಂಚು ಆಯ್ತು. ನೋಂದಣಿಯ ಕಾಗದ ಪತ್ರ ಆಮೇಲೆ ಕಳಿಸ್ತೀವಿ ಅಂದವರು ಕಳಿಸಲೇ ಇಲ್ಲ. ಆದರೆ ಎತ್ತರ, ಕಾಗದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಏನೂ ಗೊತ್ತಿಲ್ಲದ ಮಗು, ಏನೂ ಗೊತ್ತಿಲ್ಲದ ಮರಿ, ಏನೂ ಗೊತ್ತಿಲ್ಲದ ನಾನು. ಮರಿ ಕಚ್ಚೋಕೆ ಕಲಿಯಿತು, ಮುಂಗಾಲೆತ್ತಿ ಮೈಮೇಲೆ ಬರೋಕೆ ಕಲಿಯಿತು. ದೊಡ್ಡ ಮೊಮ್ಮಗಳು ಆರು ತಿಂಗಳು ಲಾಯದ ಹತ್ತಿರ ಹೋಗೋಕೇ ಹೆದರಿದಳು. ಎತ್ತಿನಲ್ಲಿ ನೀವು ಬಾಯಿಗೂಡಿದ ಜೋಡಿಯ ಜೊತೆಗೆ ಹೊಸ ಕರುವನ್ನು ಪಳಗಿಸ್ತಿದ್ದಿರಿ ಅಲ್ವಾ, ಹಾಗೇ ಇದು. ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಗೊತ್ತಿರಬೇಕು. ಆ ಒಬ್ಬರು ಕುದುರೆಯೇ ಆಗಿದ್ದರೆ ಇನ್ನೂ ಒಳ್ಳೇದು.

ನೀವು ಹುಡುಕಬೇಕಾದ್ದು 12ರಿಂದ 18 ವರ್ಷದ ಗೆಲ್ಡಿಂಗ್, ಅಂದರೆ ಬೀಜ ಒಡೆಸಿದ ಗಂಡು. ಈಗಾಗಲೇ ಹತ್ತಾರು ಶೋ ನೋಡಿರಬೇಕು. ಮೈಕಿನ ಸದ್ದು, ಚಪ್ಪಾಳೆ, ಹಾರೋ ಪ್ಲಾಸ್ಟಿಕ್ ಚೀಲ ಯಾವುದಕ್ಕೂ ಬೆದರಬಾರದು. ಮಿನಿಗಳು 25, 30 ವರ್ಷ ಬದುಕುತ್ತವೆ, ಆದ್ದರಿಂದ 15 ಅಂದರೆ ಮುದಿಯಲ್ಲ. ಬೀಜದ ಗಂಡು ಮಕ್ಕಳ ಕೈಗೆ ಬೇಡವೇ ಬೇಡ. ಇನ್ನೊಂದು ದಾರಿ ಇದೆ, ನನ್ನ ಕೇಳಿದರೆ ಅದೇ ಎಲ್ಲಕ್ಕಿಂತ ಒಳ್ಳೇದು: ಮೊದಲ ವರ್ಷ ಕೊಂಡುಕೊಳ್ಳಲೇಬೇಡಿ, ಲೀಸ್‌ಗೆ ತಗೊಳ್ಳಿ. ಮಕ್ಕಳು ಬೆಳೆದು ಕಾಲೇಜಿಗೆ ಹೋದ ಮನೆಗಳಲ್ಲಿ ಇಂಥ ಒಳ್ಳೆ ಕುದುರೆಗಳು ಸುಮ್ನೆ ಹುಲ್ಲು ಮೇಯ್ತಾ ನಿಂತಿರುತ್ತವೆ. ಒಳ್ಳೆ ಮಗು ಸಿಕ್ಕರೆ ಕೊಡೋಕೆ ಅವರಿಗೂ ಇಷ್ಟ.

ಇನ್ನು ಸಂಸ್ಥೆಗಳ ವಿಷಯ. ಇಲ್ಲಿ ಮುಖ್ಯವಾಗಿ ಎರಡಿವೆ. ಒಂದು ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್, ಎಎಂಎಚ್‌ಎ ಅಂತಾರೆ, 1978ರಲ್ಲಿ ಶುರುವಾದದ್ದು. ಅದರ ಕಚೇರಿ ನಿಮ್ಮ ಟೆಕ್ಸಸ್‌ನ ಆಲ್ವರಾಡೋದಲ್ಲೇ ಇದೆ, ಫೋರ್ಟ್ ವರ್ತ್‌ನ ದಕ್ಷಿಣಕ್ಕೆ. ಅವರ ಲೆಕ್ಕದಲ್ಲಿ ಕುದುರೆ 34 ಇಂಚು ಮೀರಬಾರದು. ಇನ್ನೊಂದು ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿ, ಎಎಂಎಚ್‌ಆರ್. ಇದು ಹಳೆಯ ಶೆಟ್ಲೆಂಡ್ ಪೋನಿ ಕ್ಲಬ್ಬಿನ ಕೆಳಗೆ ಬರುತ್ತೆ. ಇವರಲ್ಲಿ ಎ, ಬಿ ಅಂತ ಎರಡು ವಿಭಾಗ. 34 ಇಂಚಿನ ತನಕ ಎ, ಅದರ ಮೇಲೆ 38ರ ತನಕ ಬಿ. ನಮ್ಮ 36 ಇಂಚಿನವನಿಗೆ ಕಾಗದ ಇದ್ದಿದ್ದರೆ ಅಲ್ಲಿ ಜಾಗ ಸಿಗ್ತಿತ್ತು. ಅಳತೆ ತೆಗೆಯೋದು ಹೆಗಲಿನ ಹತ್ತಿರ ಜೂಲು ಮುಗಿಯೋ ಕೊನೆಯ ಕೂದಲಿನಿಂದ ನೆಲಕ್ಕೆ. ದೊಡ್ಡ ಕುದುರೆಗೆ ಅಳೆಯೋ ಜಾಗವೇ ಬೇರೆ, ಆದ್ದರಿಂದ ಮಾರೋರು ಎಲ್ಲಿಂದ ಅಳೆದರು ಅಂತ ಕೇಳಿ. ನೀವೇ ಅಳತೆ ಕೋಲು ಹಿಡಿದು ನೋಡಿದರೆ ಇನ್ನೂ ವಾಸಿ.

ಆದರೆ ಆ ದೊಡ್ಡ ಶೋಗಳು ಆಮೇಲೆ. ಮೊಮ್ಮಗಳನ್ನು ಮೊದಲು 4-ಎಚ್‌ಗೆ ಸೇರಿಸಿ. ಇದು ಮಕ್ಕಳ ಕ್ಲಬ್ಬುಗಳ ಸಂಘಟನೆ, ಹಳ್ಳಿ ಮಕ್ಕಳಿಗಾಗಿ 1902ರಲ್ಲಿ ನಮ್ಮ ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಮೊಳೆತದ್ದು, ಈಗ ದೇಶದ ಎಲ್ಲಾ ಕಡೆ ಇದೆ. ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸಿಗೆ, ಅಂದರೆ ಕೃಷಿ ವಿಸ್ತರಣಾ ಕಚೇರಿಗೆ, ಫೋನ್ ಮಾಡಿ, ಕುದುರೆ ಇರೋ ಕ್ಲಬ್ ಯಾವುದು, ಅದರಲ್ಲಿ ಮಿನಿಗೆ ಅವಕಾಶ ಇದೆಯಾ ಅಂತ ಕೇಳಿ. ಶುಲ್ಕ ಕಡಿಮೆ. ಅಲ್ಲಿ ನಿಮ್ಮ ಹಾಗೇ ಅಜ್ಜ ಅಜ್ಜಿಯರು ಎಷ್ಟೋ ಜನ ಇರ್ತಾರೆ. ನಮಗೆ ಮೊದಲ ಟ್ರೇಲರ್ ಎರವಲು ಕೊಟ್ಟವರು, ಕುದುರೆಯ ಮೈಕೂದಲು ಕತ್ತರಿಸೋದು ಹೇಳಿಕೊಟ್ಟವರು ಎಲ್ಲಾ ಅಲ್ಲೇ ಸಿಕ್ಕರು.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ನಾನು ಶುರು ಮಾಡಿದಾಗ ನನಗೆ 61. ಮಂಡಿ ನೋವಿದೆ. ಮಿನಿ 200 ಪೌಂಡ್ ಆಸುಪಾಸು ತೂಗುತ್ತೆ, ಅಂದರೆ ಸುಮಾರು 90 ಕಿಲೋ. ಕಾಲೆತ್ತಿ ಗೊರಸು ತೆಗೆಯೋಕೆ ಬಗ್ಗಬೇಕು, ಅದು ಬಿಟ್ಟರೆ ನಮ್ಮ ಕೈಲಾಗದ ಕೆಲಸ ಏನೂ ಇಲ್ಲ.

ಹೆಬ್ಬಾಳದ ಡಾಕ್ಟರ್:

ಯಜಮಾನ್ರೇ, ನಾನು ಹೆಬ್ಬಾಳದ ಪಶುವೈದ್ಯ ಕಾಲೇಜಲ್ಲಿ ಓದಿದವನು, ಈಗ ಇಲ್ಲಿ ಕುದುರೆಗಳನ್ನೇ ಜಾಸ್ತಿ ನೋಡ್ತೀನಿ. ಅಕ್ಕ ಹೇಳಿದ್ದೆಲ್ಲಾ ಸರಿ. ನಾನು ಹೊಟ್ಟೆಯ ವಿಷಯ ಹೇಳ್ತೀನಿ.

ಹುರುಳಿ ಬೇಡ. ನಮ್ಮೂರಲ್ಲಿ ಹುರುಳಿ ತಿಂದ ಕುದುರೆ ದಿನವಿಡೀ ಜಟಕಾ ಎಳೀತಿತ್ತು. ನಿಮ್ಮ ಮಿನಿ ದಿನಕ್ಕೆ ಅರ್ಧ ಗಂಟೆ ಮಗುವಿನ ಜೊತೆ ನಡೆಯುತ್ತೆ, ಅಷ್ಟೇ. ಇವುಗಳ ಮೈ ಬಹಳ ಕಡಿಮೆ ಮೇವಲ್ಲಿ ಬದುಕೋಕೆ ಹೊಂದಿಕೊಂಡದ್ದು. ನಾನು ನೋಡೋ ಮಿನಿಗಳಲ್ಲಿ ಹಸಿದು ಕಾಯಿಲೆ ಬಿದ್ದವು ಅಪರೂಪ, ಪ್ರೀತಿಗೆ ತಿನ್ನಿಸಿ ತಿನ್ನಿಸಿ ಕಾಯಿಲೆ ಬಿದ್ದವೇ ಜಾಸ್ತಿ. ಒಳ್ಳೆ ಒಣಹುಲ್ಲು, ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ. 90 ಕಿಲೋ ಕುದುರೆಗೆ ದಿನಕ್ಕೆ ಸುಮಾರು 1.35ರಿಂದ 1.8 ಕಿಲೋ. ಕಣ್ಣಂದಾಜು ಬೇಡ, ತಕ್ಕಡಿ ಇಟ್ಟು ತೂಗಿ. ಅದರ ಮೇಲೆ ಖನಿಜದ ಪುಡಿ ಒಂದಿಷ್ಟು, ಉಪ್ಪಿನ ಗಟ್ಟಿ, ಯಾವಾಗಲೂ ನೀರು. ವಸಂತದಲ್ಲಿ ಎರಡೂವರೆ ಎಕರೆ ಹಸಿ ಹುಲ್ಲಿಗೆ ಇಡೀ ದಿನ ಬಿಟ್ಟರೆ ಗೊರಸಿನ ಒಳಗೆ ಬಾವು ಬರಬಹುದು, ಲ್ಯಾಮಿನೈಟಿಸ್ ಅಂತೀವಿ. ಒಂದು ಸಲ ಬಂದರೆ ಕುದುರೆ ಜೀವನವಿಡೀ ಕುಂಟಬಹುದು. ಚಿಕ್ಕ ಜಾಗಕ್ಕೆ ಬೇರೆ ಬೇಲಿ ಹಾಕಿ. ನಿಮ್ಮ ಮನೆಯವರಿಗೂ ಹೇಳಿ, ಬೆಲ್ಲ, ಚಪಾತಿ, ಬಾಳೆಹಣ್ಣು ಕೈಯಲ್ಲಿ ಹಿಡಿದು ತಿನ್ನಿಸೋದು ಬೇಡ. ಕೊಬ್ಬು ಒಂದು ಕಡೆ, ಕೈಯಲ್ಲಿ ತಿಂಡಿ ಕಂಡ ಕುದುರೆ ಮಗುವಿನ ಬೆರಳೂ ತಿಂಡಿ ಅಂದುಕೊಳ್ಳುತ್ತೆ.

ಇನ್ನೊಂದು ಮುಖ್ಯ. ದಪ್ಪಗಿರೋ ಮಿನಿ ಏನೋ ಕಾರಣಕ್ಕೆ ಒಂದು ದಿನ ಮೇವು ಬಿಟ್ಟರೂ ಮೈಯೊಳಗಿನ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಬಹುದು. ಲಿವರ್ ಕೆಟ್ಟು ಜೀವಕ್ಕೇ ಅಪಾಯ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾಳೆ ನೋಡೋಣ ಅಂತಿದ್ದೆವು. ಇಲ್ಲಿ ಹಾಗಲ್ಲ, ಅದೇ ಹೊತ್ತಿಗೆ ಫೋನ್ ಮಾಡಿ.

ಶೋಗೆ ಹೋಗೋಕೆ ಕಾಗಿನ್ಸ್ ಪರೀಕ್ಷೆಯ ಕಾಗದ ಬೇಕಾಗುತ್ತೆ, ಕುದುರೆಗಳಿಗೆ ಬರೋ ಒಂದು ವೈರಸ್ ರಕ್ತಹೀನತೆಗೆ ಮಾಡೋ ರಕ್ತ ಪರೀಕ್ಷೆ ಅದು. ಬೇರೆ ರಾಜ್ಯಕ್ಕೆ ಹೋದರೆ ಆರೋಗ್ಯದ ಸರ್ಟಿಫಿಕೇಟ್ ಕೂಡ. ಧನುರ್ವಾಯು, ರೇಬೀಸ್, ವೆಸ್ಟ್ ನೈಲ್, ಮಿದುಳು ಜ್ವರದ ಲಸಿಕೆಗಳು ವರ್ಷಕ್ಕೊಮ್ಮೆ. ಹಲ್ಲು ವರ್ಷಕ್ಕೊಮ್ಮೆ ತೋರಿಸಿ, ಚಿಕ್ಕ ದವಡೆಯಲ್ಲಿ ಹಲ್ಲು ಒತ್ತಾಗಿರುತ್ತೆ, ಅದಕ್ಕೇ ತೊಂದರೆ ಜಾಸ್ತಿ. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಹೆರೆಸಬೇಕು. ನಮ್ಮಲ್ಲಿ ಲಾಳ ಕಟ್ಟೋರು ಇದ್ದ ಹಾಗೆ ಇಲ್ಲಿ ಫ್ಯಾರಿಯರ್ ಅಂತಾರೆ. ಮಿನಿಗೆ ಸಾಮಾನ್ಯವಾಗಿ ಲಾಳ ಬೇಕಿಲ್ಲ, ಹೆರೆದರೆ ಸಾಕು.

ಕೊನೆಗೆ, ತೀರಾ ಪುಟ್ಟದು ಅಂತ ಮನಸೋತು ತಗೋಬೇಡಿ. ಉಬ್ಬಿದ ಹಣೆ, ಕುಳ್ಳ ಕತ್ತು, ಡೊಂಕು ಕಾಲು ಕಂಡರೆ ಅದು ಕುಳ್ಳತನದ ದೋಷ ಇರಬಹುದು. ಅಂಥ ಕುದುರೆಗೆ ನಡೆಯೋದೇ ನೋವು.

ಮಂಡ್ಯದ ತಾತ:

ಅಕ್ಕಾ, ಡಾಕ್ಟ್ರೇ, ಇಬ್ಬರಿಗೂ ಕೈ ಮುಗೀತೀನಿ. ಮರಿ ಮಾರೋರಿಗೆ ಬೇಡ ಅಂತ ಹೇಳಿಬಿಟ್ಟೆ. ಹೆಂಡತಿಗೆ ಬೆಲ್ಲದ ವಿಷಯ ಓದಿ ಹೇಳಿದೆ, ಸ್ವಲ್ಪ ಬೇಜಾರು ಮಾಡಿಕೊಂಡಳು.

ಎರಡು ಅನುಮಾನ. ಒಂದೇ ಕುದುರೆ ಸಾಕಾಗುತ್ತಾ? ಮತ್ತೆ ಶೋ ದಿನ ಒಳಗೆ ಏನೇನು ನಡೆಯುತ್ತೆ? ಮೊಮ್ಮಗನಿಗೆ ಆರೇ ವರ್ಷ, ಅಕ್ಕ ಹೋದರೆ ಅವನು ಅಳ್ತಾನೆ.

ಓಹಾಯೋ ಅಜ್ಜಿ:

ಒಂದನ್ನೇ ಇಡಬೇಡಿ ಅಣ್ಣಾ. ಕುದುರೆ ಮಂದೆಯಲ್ಲಿ ಬದುಕೋ ಪ್ರಾಣಿ, ಒಂಟಿಯಾದರೆ ಬೇಲಿ ಉದ್ದಕ್ಕೂ ಕೂಗ್ತಾ ಓಡಾಡುತ್ತೆ. ಎರಡು ಮಿನಿ ಇದ್ದರೆ ಒಳ್ಳೇದು, ಆಗದಿದ್ದರೆ ಜೊತೆಗೊಂದು ಮೇಕೆಯಾದರೂ ಇರಲಿ. ಬೇಲಿ ಸಣ್ಣ ಕಣ್ಣಿನ ತಂತಿ ಜಾಲರಿಯದ್ದಾಗಿರಲಿ. ಮುಳ್ಳುತಂತಿ ಬೇಡ. ಬೀದಿ ನಾಯಿ ಅಂತ ಇಲ್ಲಿ ಕಮ್ಮಿ, ಆದರೆ ಪಕ್ಕದ ಮನೆ ನಾಯಿ ನುಗ್ಗಿದರೆ ಇಷ್ಟು ಚಿಕ್ಕ ಕುದುರೆ ತಪ್ಪಿಸಿಕೊಳ್ಳೋದು ಕಷ್ಟ.

ಶೋದಲ್ಲಿ ಸವಾರಿ ಅಲ್ಲ, ಕೈಯಲ್ಲಿ ಹಿಡಿದು ಮಾಡೋದೇ ಜಾಸ್ತಿ. ಹಾಲ್ಟರ್ ಅನ್ನೋ ಕ್ಲಾಸಲ್ಲಿ, ಅಂದರೆ ಸ್ಪರ್ಧೆಯಲ್ಲಿ, ಕುದುರೆಯ ಅಂದ, ಮೈಕಟ್ಟು ನೋಡ್ತಾರೆ, ನಿಮ್ಮ ಘಾಟಿ ಜಾತ್ರೆ ಇದ್ದ ಹಾಗೆ. ಸುಳಿ ಮಾತ್ರ ಯಾರೂ ಕೇಳಲ್ಲ. ಶೋಮನ್‌ಶಿಪ್ ಅನ್ನೋದರಲ್ಲಿ ನೋಡೋದು ಕುದುರೆಯನ್ನಲ್ಲ, ಮಗುವನ್ನು. ಹೇಗೆ ನಡೆಸ್ತಾಳೆ, ಹೇಗೆ ನಾಲ್ಕು ಕಾಲು ಚೌಕಕ್ಕೆ ನಿಲ್ಲಿಸ್ತಾಳೆ, ಕುದುರೆ ಎಷ್ಟು ಶುಚಿಯಾಗಿದೆ ಅನ್ನೋದು. ನಿಮ್ಮ ಮೊಮ್ಮಗಳು ಇಲ್ಲಿಂದಲೇ ಶುರು ಮಾಡಲಿ, ಯಾಕೆಂದರೆ ಇಲ್ಲಿ ದುಬಾರಿ ಕುದುರೆ ಬೇಕಿಲ್ಲ, ಅಭ್ಯಾಸ ಮಾಡಿದವರಿಗೆ ರಿಬ್ಬನ್. ಜಡ್ಜ್ ಸುತ್ತ ಬರುವಾಗ ಮಗು ಜಾಗ ಬದಲಿಸ್ತಾ ಇರಬೇಕು. ಜಡ್ಜ್ ಕುದುರೆಯ ಮುಂಭಾಗದಲ್ಲಿ ಇದ್ದರೆ ಮಗು ಎದುರು ಪಕ್ಕದಲ್ಲಿ. ಜಡ್ಜ್ ಹಿಂಭಾಗಕ್ಕೆ ಹೋದರೆ ಮಗು ಅವರಿರೋ ಪಕ್ಕಕ್ಕೇ ಬರಬೇಕು. ಜಡ್ಜ್ ಕಣ್ಣಿಗೆ ಮಗು ಅಡ್ಡ ಬರಬಾರದು, ಹಾಗೇ ಕುದುರೆ ಅಳುಕಿದರೆ ಅದರ ತಲೆಯನ್ನು ತನ್ನ ಕಡೆ ಎಳೆದು ಹಿಂಗಾಲನ್ನು ಜಡ್ಜ್‌ನಿಂದ ದೂರ ಸರಿಸಬೇಕು, ಅದಕ್ಕೇ ಈ ನಿಯಮ. ನಾವು ಮನೆಯಲ್ಲಿ ಊಟದ ಮೇಜನ್ನೇ ಕುದುರೆ ಅಂತ ಇಟ್ಟುಕೊಂಡು, ನಾನು ಜಡ್ಜ್ ಆಗಿ ಸುತ್ತುತ್ತಾ ಕಲಿಸಿದೆ. ಎರಡು ವಾರದಲ್ಲಿ ಬಂತು.

ಇವಲ್ಲದೆ ಸೇತುವೆ, ಗೇಟು ದಾಟಿಸೋ ಆಬ್ಸ್ಟಕಲ್ ಇದೆ. ಮಗು ಪಕ್ಕದಲ್ಲಿ ಓಡ್ತಾ ಕುದುರೆಯನ್ನು ಹಾರಿಸೋ ಜಂಪಿಂಗ್ ಇದೆ. ಸಂಗೀತ ಹಾಕಿ ಕುದುರೆಯನ್ನು ಒಂಟಿಯಾಗಿ ಬಿಟ್ಟು ಕೊನೆಗೆ ಹಿಡಿಯೋ ಲಿಬರ್ಟಿ ಇದೆ. ಪುಟ್ಟ ಗಾಡಿ ಕಟ್ಟಿ ಓಡಿಸೋದೂ ಇದೆ, ಅದಕ್ಕೆ ಕುದುರೆಗೆ ಮೂರು ವರ್ಷ ತುಂಬಿರಬೇಕು, ಮಗು ಮೊದಲು ಒಂದೆರಡು ವರ್ಷ ನೆಲದ ಮೇಲೆ ಕಲಿತಿರಬೇಕು. ಕಾಸ್ಟ್ಯೂಮ್ ಕ್ಲಾಸಂತೂ ಮೊಮ್ಮಗನಿಗೆ ಹೇಳಿ ಮಾಡಿಸಿದ್ದು. ನಮ್ಮ ಚಿಕ್ಕವಳು ಮೈಸೂರು ಪೇಟ ಸುತ್ತಿಕೊಂಡು, ಕುದುರೆ ಹಣೆಗೆ ಜಟಕಾ ಗಾಡಿಯ ಥರ ಬಣ್ಣದ ಕುಚ್ಚು ಕಟ್ಟಿ ಹೋಗಿದ್ದಳು. ಜಡ್ಜ್ ನಿಂತು ಪೇಟದ ಕಥೆ ಕೇಳಿದರು, ಅವಳು ದಸರಾ ಬಗ್ಗೆ ಪಟಪಟ ಹೇಳಿದಳು.

ಆರು ವರ್ಷದವರಿಗೆ ಟೆಕ್ಸಸ್‌ನಲ್ಲಿ ಕ್ಲೋವರ್ ಕಿಡ್ಸ್ ಅಂತ 4-ಎಚ್‌ನದೇ ಚಿಕ್ಕ ಮಕ್ಕಳ ವಿಭಾಗ ಇದೆ. ಮೂರನೇ ತರಗತಿಗೆ ಬಂದಮೇಲೆ 4-ಎಚ್. ಅಲ್ಲಿಯ ತನಕ ಅವನು ಬ್ರಷ್ ಹಿಡಿಯಲಿ, ನೀರು ತುಂಬಲಿ. ನಮ್ಮಲ್ಲಿ ಚಿಕ್ಕವಳಿಗೆ ಗೊರಸಿಗೆ ಪಾಲಿಶ್ ಹಚ್ಚೋ ಕೆಲಸ ಕೊಟ್ಟಿದ್ದೆ, ಅದನ್ನು ಬೇರೆ ಯಾರೂ ಮುಟ್ಟೋ ಹಾಗಿರಲಿಲ್ಲ.

ಒಂದು ಎಚ್ಚರಿಕೆ, ಇದನ್ನು ಮಾತ್ರ ಮರೀಬೇಡಿ. ದೊಡ್ಡ ಕುದುರೆ ಒದ್ದರೆ ನಮ್ಮ ತೊಡೆಗೆ ಬೀಳುತ್ತೆ. ಮಿನಿ ಒದ್ದರೆ ಆರು ವರ್ಷದ ಮಗುವಿನ ಎದೆಗೋ ಮುಖಕ್ಕೋ ಬೀಳುತ್ತೆ. ಆಟದ ಗೊಂಬೆ ಥರ ಕಾಣೋದರಿಂದ ದೊಡ್ಡವರೂ ಮೈಮರೀತಾರೆ. ಹಿಂದೆ ಹೋಗೋ ಹಾಗಿಲ್ಲ, ಪಕ್ಕದಲ್ಲಿ ನೆಲಕ್ಕೆ ಕೂರೋ ಹಾಗಿಲ್ಲ, ಹಗ್ಗವನ್ನು ಕೈಗೆ ಸುತ್ತಿಕೊಳ್ಳೋ ಹಾಗಿಲ್ಲ. ಗಟ್ಟಿ ಬೂಟು, ತಲೆಗೆ ಹೆಲ್ಮೆಟ್. ಕಡ್ಡಾಯ ಇರಲಿ ಬಿಡಲಿ, ನಮ್ಮ ಮನೆಯಲ್ಲಿ ಹೆಲ್ಮೆಟ್ ಇಲ್ಲದೆ ಲಾಯದ ಬಾಗಿಲು ತೆಗೆಯಲ್ಲ.

ಮತ್ತೆ ಶೋಗೆ ಮುಂಚೆ ಮೈಕೂದಲನ್ನೆಲ್ಲಾ ಮೆಷಿನ್ನಲ್ಲಿ ಸಣ್ಣಗೆ ಕತ್ತರಿಸ್ತಾರೆ. ಮೊದಲ ಸಲ ನನಗೆ ಐದು ಗಂಟೆ ಹಿಡೀತು. ಮುಂಚೆ ಚೆನ್ನಾಗಿ ತೊಳೆದು ಒಣಗಿಸಿ, ಕೊಳೆ ಇದ್ದರೆ ಬ್ಲೇಡು ಮೊಂಡಾಗುತ್ತೆ. ಕತ್ತರಿಸಿದ ಮೇಲೆ ಮಾರ್ಚ್ ರಾತ್ರಿಗಳಲ್ಲಿ ಹೊದಿಕೆ ಹಾಕಬೇಕು, ಬಿಳಿ ಮೈಯವಾದರೆ ಬಿಸಿಲಿಗೆ ಚರ್ಮ ಸುಡುತ್ತೆ, ನೆರಳೂ ಬೇಕು.

ತಾತನ ಮೊಮ್ಮಗಳು, ಇಲಿನಾಯ್:

ತಾತ, ನಮಸ್ಕಾರ. ನನಗೆ 20. ನನ್ನ ಕನ್ನಡ ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ, ನನ್ನ ತಾತನೇ ಕಲಿಸಿದ್ದು. ಶೋಗೆ ಕರೆದುಕೊಂಡು ಹೋಗ್ತಿದ್ದವರೂ ಅವರೇ.

ನಾನು ಎಂಟು ವರ್ಷದವಳಿದ್ದಾಗ ತಾತ ನನಗೊಂದು ಕಂದು ಬಣ್ಣದ ಗೆಲ್ಡಿಂಗ್ ಕೊಡಿಸಿದರು, ಆಗಲೇ ಅದಕ್ಕೆ 14 ವರ್ಷ. ಈಗ 26. ನಾಲ್ಕು ವರ್ಷದ ಹಿಂದೆ ತಾತ ತೀರಿಕೊಂಡರು. ನಾನು ಕಾಲೇಜಿಗೆ ಬಂದೆ. ಆದರೆ ತಾತ ಶುರುವಿನಲ್ಲೇ ಒಂದು ಕೆಲಸ ಮಾಡಿದ್ದರು. ಕುದುರೆ ತರೋಕೆ ಮುಂಚೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ತನಗೆ ಆಗದೇ ಇದ್ದ ದಿನ ಬೆಳಿಗ್ಗೆ ಆರಕ್ಕೆ ಹುಲ್ಲು ಹಾಕೋರು ಯಾರು, ಇವಳು ದೊಡ್ಡವಳಾದ ಮೇಲೆ ಇದು ಎಲ್ಲಿರುತ್ತೆ ಅಂತ ಕೇಳಿ, ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿದ್ದರು. ಆ ಹಾಳೆ ಇನ್ನೂ ಫ್ರಿಜ್ ಮೇಲಿದೆ. ಅದರ ಪ್ರಕಾರ ಈಗ ಅಪ್ಪ ಹುಲ್ಲು ಹಾಕ್ತಾರೆ. ನಿಮ್ಮ ಮಗಳು ಅಳಿಯನ ಹತ್ತಿರ ನೀವೂ ಈ ಮಾತು ಆಡಿ.

ಇನ್ನೊಂದು. ನನ್ನ ಮೊದಲ ಶೋದಲ್ಲಿ ಏಳು ಮಕ್ಕಳಲ್ಲಿ ನಾನು ಏಳನೇ ಸ್ಥಾನ. ಕಾರಲ್ಲಿ ತಾತ ರಿಬ್ಬನ್ ವಿಷಯವೇ ಎತ್ತಲಿಲ್ಲ. "ಅವನು ಹಿಂದಕ್ಕೆ ಹೆಜ್ಜೆ ಇಡೋವಾಗ ಬಲಕ್ಕೆ ವಾಲಿದ, ನೋಡಿದೆಯಾ, ನಾಳೆ ಗೋಡೆ ಪಕ್ಕ ನಿಲ್ಲಿಸಿ ಅಭ್ಯಾಸ ಮಾಡೋಣ" ಅಂದರು. ನನಗೆ ಅಳು ನಿಂತುಹೋಯ್ತು. ನಿಮ್ಮ ಮೊಮ್ಮಗಳು ಸೋತ ದಿನ ನೀವೂ ಹೀಗೇ ಕುದುರೆ ವಿಷಯ ಮಾತಾಡಿ ತಾತ.

ಮಂಡ್ಯದ ತಾತ:

ಮಗಳೇ, ನೀನು ಬರೆದದ್ದನ್ನು ನನ್ನ ಮಗಳಿಗೆ ಓದಿ ಹೇಳಿದೆ. ನಿನ್ನೆ ರಾತ್ರಿ ಎಲ್ಲರೂ ಕೂತು ಮಾತಾಡಿದೆವು. ಬೆಳಗಿನ ಮೇವು ನನ್ನದು, ಸಂಜೆಯದು ಅಳಿಯನದು, ಡಾಕ್ಟರ ಖರ್ಚು ಮಗಳದು. ಮಕ್ಕಳು ದೊಡ್ಡವರಾದ ಮೇಲೂ ಕುದುರೆ ಇಲ್ಲೇ ಇರುತ್ತೆ ಅಂತ ಅಳಿಯ ತನ್ನ ಕೈಯಾರೆ ಬರೆದ.

ಶನಿವಾರ 4-ಎಚ್ ಕ್ಲಬ್ಬಿನವರು ಒಂದು ಮನೆಗೆ ಕಳಿಸಿದ್ದರು. 17 ವರ್ಷದ ಬೂದು ಗೆಲ್ಡಿಂಗ್, 33 ಇಂಚು, ಕೊನೆಯ ಕೂದಲಿಂದ ನಾನೇ ಅಳೆದೆ. ಜೊತೆಗೆ ಅದರ ಗೆಳತಿ ಒಂದು ಮುದಿ ಹೆಣ್ಣು. ಎರಡನ್ನೂ ಒಂದು ವರ್ಷಕ್ಕೆ ಲೀಸ್ ಕೊಡ್ತಾರಂತೆ, ಬೇಲಿ ನೋಡಿದ ಮೇಲೆ. ಮೊಮ್ಮಗಳು ಒಂದು ಗಂಟೆ ಬ್ರಷ್ ಮಾಡಿದಳು. ಗಂಡು ಕಣ್ಣು ಮುಚ್ಚಿಕೊಂಡು ನಿಂತಿತ್ತು. ನಮ್ಮ ಹಳ್ಳಿಕಾರ್ ದೊಡ್ಡದು ಅಪ್ಪ ಮೈ ತಿಕ್ಕುವಾಗ ಹೀಗೇ ನಿಲ್ತಿತ್ತು.

ಈಗ ಜಾಲರಿ ತರೋಕೆ ಹೊರಟಿದ್ದೀನಿ. ಅಕ್ಕಾ, ಕಂಬದಿಂದ ಕಂಬಕ್ಕೆ ಎಷ್ಟು ಅಡಿ ಬಿಟ್ಟಿದ್ದೀರಿ? ಕೆಳಗಡೆ ನಾಯಿ ತೂರದ ಹಾಗೆ ಜಾಲರಿಯನ್ನು ನೆಲದೊಳಗೆ ಹೂತಿದ್ದೀರಾ, ಇಲ್ಲ ನೆಲಕ್ಕೆ ತಾಗಿಸಿ ಬಿಟ್ಟಿದ್ದೀರಾ?

ಓಹಾಯೋ ಅಜ್ಜಿ:

ಎಂಟು ಅಡಿಗೊಂದು ಕಂಬ. ಜಾಲರಿ ನೆಲಕ್ಕೆ ತಾಗಿಸಿ, ಹೊರಗಡೆ ಒಂದು ಸಾಲು ಮರದ ಹಲಗೆ ಹೊಡೆದಿದ್ದೇವೆ. ಜಾಲರಿಯನ್ನು ಕಂಬದ ಒಳಪಕ್ಕಕ್ಕೆ ಹೊಡೆಯಿರಿ, ಕುದುರೆ ಮೈ ಉಜ್ಜಿದರೂ ಮೊಳೆ ಕಿತ್ತು ಬರಲ್ಲ. ಬೇಲಿಯ ಫೋಟೋ ಹಾಕಿ ಅಣ್ಣಾ, ನೋಡಿ ಹೇಳ್ತೀನಿ.